ಹಿಡಿದ ಕೈಯನ್ನೇ ಕಟ್ಟುವ ಆಯುಧ

ವಿಜಯವಾಡದಲ್ಲಿ ಕೃಷ್ಣಾ ನದಿಯ ದಡಕ್ಕೆ ಒತ್ತಿಕೊಂಡು ನಿಂತಿರುವ ಇಂದ್ರಕೀಲಾದ್ರಿಯು ಇಂದು ಕನಕದುರ್ಗೆಯ ಬೆಟ್ಟವೆಂದೇ ನಾಡಿನಾದ್ಯಂತ ಹೆಸರಾಗಿದ್ದರೂ, ಅಲ್ಲಿನ ಸ್ಥಳಪುರಾಣದ ಪ್ರಕಾರ ಅದು ಅರ್ಜುನನು ಪಾಶುಪತಾಸ್ತ್ರವನ್ನು ಪಡೆಯಲು ತಪಸ್ಸು ಮಾಡಿದ ಬೆಟ್ಟವೂ ಹೌದು. ಮಹಾಭಾರತದ ವನಪರ್ವ ಈ ತಪಸ್ಸನ್ನು ಹಿಮಾಲಯದ ಕಡೆ ಇರಿಸುತ್ತದೆಯಾದರೂ, ಕೃಷ್ಣಾ ತೀರದ ಜನ ಆ ಕಥೆಯನ್ನು ತಮ್ಮ ಬೆಟ್ಟದ ಕಥೆಯಾಗಿ ಶತಮಾನಗಳಿಂದ ಉಳಿಸಿಕೊಂಡು ಬಂದಿದ್ದಾರೆ. ಬೆಟ್ಟದ ಮೇಲಿರುವ ಪ್ರಾಚೀನ ಶಿಲಾಸ್ತಂಭವೊಂದರಲ್ಲಿ ಬೇಡನ ವೇಷದ ಶಿವನಿಗೂ ಅರ್ಜುನನಿಗೂ ನಡೆದ ಕಾಳಗದ ಪ್ರಸಂಗಗಳನ್ನು ಕೆತ್ತಲಾಗಿದೆ. ಕನ್ನಡಿಗರಿಗೆ ಇದೇ ಕಥೆ ಪಟ್ಟದಕಲ್ಲಿನ ಶಿಲ್ಪಗಳಿಂದಲೂ ಭಾರವಿಯ ಸಂಸ್ಕೃತ ಕಾವ್ಯದಿಂದಲೂ ಯಕ್ಷಗಾನದ ಪ್ರಸಂಗಗಳಿಂದಲೂ ಪರಿಚಿತ.

ಆದರೆ ಈ ಕಥೆಯಲ್ಲಿ ಕಾಳಗದಷ್ಟೇ ಮುಖ್ಯವಾದದ್ದು, ಕಾಳಗ ಮುಗಿದು ಅಸ್ತ್ರ ಕೈಗೆ ಬರುವ ಹೊತ್ತಿನಲ್ಲಿ ಶಿವನು ವಿಧಿಸುವ ಕಟ್ಟಳೆ. ಅಲ್ಪಶಕ್ತಿಯ ಎದುರಾಳಿಯ ಮೇಲೆ ಈ ಅಸ್ತ್ರವನ್ನು ಬಿಡಕೂಡದು, ಬಿಟ್ಟರೆ ಅದು ಜಗತ್ತನ್ನೇ ಸುಟ್ಟುಬಿಡುತ್ತದೆ ಎಂಬುದು ಆ ಕಟ್ಟಳೆಯ ತಿರುಳು. ಮುಂದೆ ಅದೇ ವನಪರ್ವದಲ್ಲಿ, ಸ್ವರ್ಗದಿಂದ ಮರಳಿದ ಅರ್ಜುನನು ಅಣ್ಣನ ಕೋರಿಕೆಯಂತೆ ತನ್ನ ದಿವ್ಯಾಸ್ತ್ರಗಳನ್ನು ತೋರಿಸಲು ಹೊರಟಾಗ ಭೂಮಿ ನಡುಗುತ್ತದೆ, ನದಿಗಳು ಕದಡುತ್ತವೆ, ನಾರದನು ಬಂದು, ಗುರಿಯಿಲ್ಲದೆ ಇವುಗಳನ್ನು ಪ್ರಯೋಗಿಸಬಾರದು ಎಂದು ತಡೆಯುತ್ತಾನೆ. ಜಗತ್ತಿನಲ್ಲೇ ಅತ್ಯಂತ ಬಲಶಾಲಿಯಾದ ಆಯುಧವನ್ನು ಹೊಂದಿದವನು ಅದನ್ನು ಮನೆಯವರಿಗೆ ತೋರಿಸುವ ಸ್ವಾತಂತ್ರ್ಯವನ್ನೂ ಕಳೆದುಕೊಂಡಿರುತ್ತಾನೆ ಎಂಬ ಈ ಸ್ಥಿತಿಯೇ ಪ್ರಸ್ತುತ ಲೇಖನದ ವಿಷಯ. ಏಕೆಂದರೆ ಸುಮಾರು ಅರ್ಧ ಶತಮಾನದಿಂದ ಜಗತ್ತಿನ ಹಲವು ದೇಶಗಳಲ್ಲಿ ಮೇಜಿನ ಸುತ್ತ ಕುಳಿತು ಆಡಲಾಗುತ್ತಿರುವ ಒಂದು ಬಗೆಯ ಕಥನಕ್ರೀಡೆಯಲ್ಲಿ ಇದೇ ಪ್ರಶ್ನೆ, ಶಾಪಗ್ರಸ್ತ ಆಯುಧ ಎಂಬ ಹೆಸರಿನಲ್ಲಿ, ಮತ್ತೆ ಮತ್ತೆ ಚರ್ಚೆಗೆ ಬರುತ್ತಲೇ ಇದೆ.

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಎಂದು ಕರೆಯಲಾಗುವ ಈ ಆಟದಲ್ಲಿ ನಾಲ್ಕೈದು ಜನ ಒಂದು ಮೇಜಿನ ಸುತ್ತ ಸೇರುತ್ತಾರೆ. ಅವರಲ್ಲಿ ಒಬ್ಬರು ಸೂತ್ರಧಾರರ ಸ್ಥಾನದಲ್ಲಿದ್ದು ಕಥೆಯ ಲೋಕವನ್ನು, ಅಲ್ಲಿನ ಊರುಗಳನ್ನು, ಶತ್ರುಗಳನ್ನು, ಹವಾಮಾನವನ್ನು ವರ್ಣಿಸುತ್ತಾರೆ. ಇವರಿಗೆ ಗೇಮ್ ಮಾಸ್ಟರ್ ಎಂದು ಹೆಸರು. ಉಳಿದ ಪ್ರತಿಯೊಬ್ಬ ಆಟಗಾರನೂ ಒಂದೊಂದು ಪಾತ್ರವನ್ನು ವಹಿಸಿಕೊಂಡು, ಆ ಪಾತ್ರ ಈ ಗಳಿಗೆಯಲ್ಲಿ ಏನು ಮಾಡುತ್ತದೆ ಎಂಬುದನ್ನು ಮಾತಿನಲ್ಲಿ ಹೇಳುತ್ತಾನೆ. ಕೆಲಸ ಕಷ್ಟದ್ದಾಗಿದ್ದರೆ ಅದು ಕೈಗೂಡಿತೇ ಇಲ್ಲವೇ ಎಂಬುದನ್ನು ದಾಳ ಉರುಳಿಸಿ ನಿರ್ಧರಿಸಲಾಗುತ್ತದೆ. ರಂಗಸ್ಥಳವಿಲ್ಲ, ಪ್ರೇಕ್ಷಕರಿಲ್ಲ, ಮೊದಲೇ ಬರೆದಿಟ್ಟ ಮಾತುಗಳಿಲ್ಲ. ಪ್ರಸಂಗದ ಚೌಕಟ್ಟು ಮಾತ್ರ ಇದ್ದು ಮಾತನ್ನು ಆ ಕ್ಷಣದಲ್ಲೇ ಹುಟ್ಟಿಸಬೇಕಾದ ತಾಳಮದ್ದಳೆಯನ್ನು ಬಲ್ಲವರಿಗೆ ಈ ಆಟದ ಜೀವಾಳ ಬೇಗ ಅರ್ಥವಾಗುತ್ತದೆ. ವ್ಯತ್ಯಾಸವೇನೆಂದರೆ, ಇಲ್ಲಿ ಕಥೆಯ ಕೊನೆ ಯಾರಿಗೂ ಮೊದಲೇ ತಿಳಿದಿರುವುದಿಲ್ಲ.

ಈ ಬಗೆಯ ಆಟಗಳಲ್ಲಿ ಮೊದಲು ಅಚ್ಚಾಗಿ ಮಾರಾಟಕ್ಕೆ ಬಂದದ್ದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ 1974ರಲ್ಲಿ ಪ್ರಕಟವಾದ ಡಂಜನ್ಸ್ ಅಂಡ್ ಡ್ರಾಗನ್ಸ್. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದರ ಕರ್ತೃಗಳು. ಅದರಲ್ಲಿ ಪಾತ್ರದ ಶಕ್ತಿ, ಬುದ್ಧಿ, ಚುರುಕುತನ ಎಲ್ಲವೂ ಅಂಕೆಗಳಲ್ಲಿ ದಾಖಲಾಗುತ್ತವೆ, ಆಯುಧಗಳೂ ಅಷ್ಟೇ. ಮಂತ್ರಶಕ್ತಿಯಿರುವ ಖಡ್ಗವೊಂದು ಹೊಡೆತದ ದಾಳಕ್ಕೆ ಒಂದನ್ನೋ ಎರಡನ್ನೋ ಕೂಡಿಸುತ್ತದೆ, ಶಾಪಗ್ರಸ್ತ ಖಡ್ಗ ಅಷ್ಟನ್ನು ಕಳೆಯುತ್ತದೆ. ಅಂಕೆಯನ್ನು ಕಳೆಯುವುದಷ್ಟೇ ಶಾಪವಾಗಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು, ಏಕೆಂದರೆ ಕೆಟ್ಟ ಕತ್ತಿಯನ್ನು ಎಸೆದು ಒಳ್ಳೆಯದನ್ನು ಹಿಡಿಯುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಆದ್ದರಿಂದ ಆಟವನ್ನು ರೂಪಿಸಿದವರು ಶಾಪಕ್ಕೆ ಇನ್ನೊಂದು ಗುಣವನ್ನು ಸೇರಿಸಿದರು: ಒಮ್ಮೆ ಹಿಡಿದರೆ ಅದನ್ನು ಬಿಡಲಾಗದು.

1979ರಲ್ಲಿ ಹೊರಬಂದ ಡಂಜನ್ ಮಾಸ್ಟರ್ಸ್ ಗೈಡ್ ಎಂಬ ಸೂತ್ರಧಾರರ ಕೈಪಿಡಿಯಲ್ಲಿ ಈ ಬಗೆಯ ಆಯುಧಗಳು ಹಲವಿವೆ. ಅಲ್ಲಿನ ಒಂದು ಖಡ್ಗ ಅಭ್ಯಾಸದ ವೇಳೆಯಲ್ಲಿ ಉತ್ತಮ ಮಾಂತ್ರಿಕ ಖಡ್ಗದಂತೆಯೇ ವರ್ತಿಸಿ, ನಿಜವಾದ ಶತ್ರು ಎದುರಾದಾಗ ಮಾತ್ರ ತನ್ನ ಕೇಡನ್ನು ತೋರುತ್ತದೆ. ಇನ್ನೊಂದು ಖಡ್ಗ ಶತ್ರು ಕಂಡೊಡನೆ ತಾನಾಗಿಯೇ ಒಡೆಯನ ಕೈಗೆ ಬಂದು, ಅವನು ಓಡಿಹೋಗಬೇಕೆಂದಿದ್ದರೂ ಕಾದಾಡುವಂತೆ ಒತ್ತಾಯಿಸುತ್ತದೆ. ಎಸೆದವನ ಬೆನ್ನಿಗೇ ಮರಳಿ ತಿವಿಯುವ ಭರ್ಜಿಯೊಂದೂ ಆ ಪಟ್ಟಿಯಲ್ಲಿದೆ. ಇದಕ್ಕೂ ಮೊದಲು 1974ರ ಮೂಲ ನಿಯಮಗಳಲ್ಲಿಯೇ ಖಡ್ಗಕ್ಕೆ ಬುದ್ಧಿಯನ್ನೂ ಅಹಂಕಾರವನ್ನೂ ಅಂಕೆಗಳಲ್ಲಿ ಕೊಟ್ಟು, ಅಹಂಕಾರ ಹೆಚ್ಚಾದ ಖಡ್ಗವು ದುರ್ಬಲ ಮನಸ್ಸಿನ ಒಡೆಯನನ್ನು ತನ್ನ ಅಧೀನಕ್ಕೆ ತೆಗೆದುಕೊಳ್ಳಬಹುದೆಂಬ ನಿಯಮ ಮಾಡಲಾಗಿತ್ತು.

ಈ ಕಲ್ಪನೆಗಳ ಬೇರು ಉತ್ತರ ಯೂರೋಪಿನ ಕಥೆಗಳಲ್ಲಿದೆ. ಐಸ್‌ಲ್ಯಾಂಡಿನ ಹರ್ವರಾರ್ ಸಾಗಾ ಎಂಬ ಮಧ್ಯಯುಗದ ಗದ್ಯಕಥೆಯಲ್ಲಿ ಬರುವ ಟಿರ್ಫಿಂಗ್ ಎಂಬ ಖಡ್ಗ, ಒರೆಯಿಂದ ಹೊರಬಂದಾಗಲೆಲ್ಲ ಒಬ್ಬನ ಪ್ರಾಣವನ್ನು ತೆಗೆದುಕೊಳ್ಳಲೇಬೇಕಾದದ್ದು. ಇಂಗ್ಲಿಷ್ ಲೇಖಕ ಮೈಕೆಲ್ ಮೂರ್‌ಕಾಕ್ 1961ರಿಂದ ಬರೆಯತೊಡಗಿದ ಎಲ್ರಿಕ್ ಕಥೆಗಳಲ್ಲಿ ಸ್ಟಾರ್ಮ್‌ಬ್ರಿಂಗರ್ ಎಂಬ ಕರಿಯ ಖಡ್ಗವು ಕೃಶನಾದ ಒಡೆಯನಿಗೆ ಚೈತನ್ಯ ತುಂಬುತ್ತ, ಅದಕ್ಕೆ ಬೆಲೆಯಾಗಿ ಅವನ ಆಪ್ತರನ್ನೇ ಬಲಿ ತೆಗೆದುಕೊಳ್ಳುತ್ತದೆ. ಕಥೆಯಲ್ಲಿ ಇವೆರಡೂ ಗಂಭೀರ ವಸ್ತುಗಳೇ. ಎಲ್ರಿಕ್ ಆ ಖಡ್ಗವನ್ನು ದ್ವೇಷಿಸಿಯೂ ಅದಿಲ್ಲದೆ ನಿಲ್ಲಲಾರ ಎಂಬುದರಲ್ಲಿ ದುರಂತದ ಘನತೆಯಿದೆ. ಆದರೆ ಕಥೆಯನ್ನು ಓದುವುದು ಬೇರೆ, ಆ ಕಥೆಯೊಳಗೆ ನಿಂತು ತೀರ್ಮಾನ ಮಾಡುವುದು ಬೇರೆ, ಮತ್ತು ಮೇಜಿನ ಸುತ್ತ ಕುಳಿತವರ ಕಷ್ಟ ಶುರುವಾಗುವುದು ಈ ವ್ಯತ್ಯಾಸದಿಂದ.

ಆ ಕಷ್ಟವನ್ನು ಹತ್ತಿರದಿಂದ ನೋಡಲು, 2014ರಲ್ಲಿ ಪ್ರಕಟವಾದ ಅದೇ ಆಟದ ಐದನೆಯ ಆವೃತ್ತಿಯಲ್ಲಿರುವ ಬರ್ಸರ್ಕರ್ ಆಕ್ಸ್, ಅಂದರೆ ರಣೋನ್ಮಾದದ ಕೊಡಲಿಯನ್ನು ತೆಗೆದುಕೊಳ್ಳಬಹುದು. ಇದನ್ನು ಹಿಡಿದವನ ಹೊಡೆತ ಚುರುಕಾಗುತ್ತದೆ, ಏಟು ತಡೆದುಕೊಳ್ಳುವ ಶಕ್ತಿಯೂ ಏರುತ್ತದೆ. ಆದರೆ ಹಿಡಿದವನಿಗೆ ಅದನ್ನು ಬಿಟ್ಟುಕೊಡುವ ಮನಸ್ಸೇ ಬರುವುದಿಲ್ಲ; 60 ಅಡಿಯೊಳಗೆ ಶತ್ರುವಿದ್ದಾಗ ಬೇರೆ ಆಯುಧ ಬಳಸಿದರೆ ಎರಡು ದಾಳ ಉರುಳಿಸಿ ಅವುಗಳಲ್ಲಿ ಕಡಿಮೆಯದನ್ನೇ ಲೆಕ್ಕಕ್ಕೆ ಹಿಡಿಯಬೇಕು; ಎಲ್ಲಕ್ಕಿಂತ ಮುಖ್ಯವಾಗಿ, ಶತ್ರುವಿನಿಂದ ಏಟು ಬಿದ್ದಾಗಲೆಲ್ಲ ಸೇವಿಂಗ್ ಥ್ರೋ ಎಂಬ ಪಾರಾಗುವ ದಾಳವನ್ನು ಉರುಳಿಸಿ 15 ಅಥವಾ ಅದಕ್ಕಿಂತ ಹೆಚ್ಚನ್ನು ಪಡೆಯದಿದ್ದರೆ ಪಾತ್ರಕ್ಕೆ ಹುಚ್ಚು ಕೆರಳಿ, ಅದು ಅತಿ ಹತ್ತಿರದಲ್ಲಿರುವ ಜೀವಿಯ ಮೇಲೆ, ಆ ಜೀವಿ ಸ್ನೇಹಿತನೇ ಆಗಿದ್ದರೂ, ಎರಗುತ್ತದೆ. ಇಪ್ಪತ್ತು ಮುಖಗಳ ದಾಳದಲ್ಲಿ 15ರಿಂದ 20ರವರೆಗೆ ಆರು ಮುಖಗಳಿರುವುದರಿಂದ, ವಿಶೇಷ ಮನೋಬಲವಿಲ್ಲದ ಯೋಧನಿಗೆ ಒಂದು ಏಟಿನ ನಂತರ ಎಚ್ಚರದಲ್ಲಿ ಉಳಿಯುವ ಸಾಧ್ಯತೆ 100ಕ್ಕೆ 30 ಮಾತ್ರ. ಎರಡು ಏಟು ಬಿದ್ದರೆ ಎರಡು ಬಾರಿಯೂ ಪಾರಾಗುವ ಸಾಧ್ಯತೆ 100ಕ್ಕೆ 9ಕ್ಕೆ ಇಳಿಯುತ್ತದೆ. ಅಂದರೆ ಈ ಕೊಡಲಿ ಹಿಡಿದವನು ಹೆಚ್ಚುಕಡಿಮೆ ಪ್ರತಿ ಕಾಳಗದಲ್ಲೂ ತನ್ನ ಬುದ್ಧಿಯನ್ನು ಕಳೆದುಕೊಳ್ಳುತ್ತಾನೆ.

ಇದರ ಪರಿಣಾಮ ಪಾತ್ರದ ಮೇಲೆ ಮಾತ್ರ ಆಗುವುದಿಲ್ಲ, ಆಟಗಾರನ ಮೇಲೂ ಆಗುತ್ತದೆ. ಈ ಆಟದಲ್ಲಿ ಆಟಗಾರನ ಕೈಯಲ್ಲಿರುವ ಒಂದೇ ಒಂದು ಅಧಿಕಾರವೆಂದರೆ ತನ್ನ ಪಾತ್ರ ಏನು ಮಾಡಬೇಕೆಂದು ಹೇಳುವುದು. ಲೋಕ, ಶತ್ರು, ಬೆಟ್ಟ, ಮಳೆ ಎಲ್ಲವೂ ಸೂತ್ರಧಾರರ ವಶದಲ್ಲಿರುವುದರಿಂದ, ಆ ಒಂದನ್ನೂ ಕೊಡಲಿ ಕಿತ್ತುಕೊಂಡರೆ ಆಟಗಾರ ಮೇಜಿನ ಬಳಿ ಕುಳಿತೂ ಆಟದ ಹೊರಗಿರುತ್ತಾನೆ. ಅವನ ಪಾತ್ರ ಸ್ನೇಹಿತನನ್ನು ಹೊಡೆದರೆ ಅದು ಅವನು ಮಾಡಿದ ತಪ್ಪಲ್ಲ, ಅವನು ಪಶ್ಚಾತ್ತಾಪ ಪಡಬೇಕಾದ ಕಾರಣವೂ ಇಲ್ಲ, ಅದರಿಂದ ಹುಟ್ಟಬಹುದಾದ ಕಥೆಯೂ ಇಲ್ಲ. ಶಾಪಗ್ರಸ್ತ ಆಯುಧಗಳ ಬಗ್ಗೆ ಆಟಗಾರರಲ್ಲಿ ಕೇಳಿಬರುವ ಅಸಮಾಧಾನದ ಮೂಲ ಇಲ್ಲಿದೆ. ಆದ್ದರಿಂದ ಒತ್ತಾಯಿಸುವ ಶಾಪಕ್ಕಿಂತ ಷರತ್ತು ಹಾಕುವ ಶಾಪ ಎಷ್ಟೋ ಮೇಲು: ಮೊದಲನೆಯದು ಆಯ್ಕೆಯನ್ನು ಕಸಿದುಕೊಳ್ಳುತ್ತದೆ, ಎರಡನೆಯದು ಪ್ರತಿಯೊಂದು ಆಯ್ಕೆಗೂ ಬೆಲೆ ಕಟ್ಟುತ್ತದೆ. ಷರತ್ತಿನ ಆಯುಧಗಳ ಅತ್ಯಂತ ಶ್ರೀಮಂತ ಭಂಡಾರವನ್ನು ಹುಡುಕಿಕೊಂಡು ಲೇಕ್ ಜಿನೀವಾಕ್ಕೆ ಹೋಗಬೇಕಾದ ಅಗತ್ಯ ಕನ್ನಡ ಮತ್ತು ತೆಲುಗು ಓದುಗರಿಗಿಲ್ಲ, ಏಕೆಂದರೆ ಮಹಾಭಾರತದ ಯುದ್ಧಪರ್ವಗಳು ಅದನ್ನು ಅವರ ಮನೆಯಲ್ಲೇ ಇರಿಸಿವೆ.

ಈ ಭಂಡಾರದಲ್ಲಿ ಕರ್ಣನ ಶಕ್ತ್ಯಾಯುಧದಷ್ಟು ಪ್ರಸಿದ್ಧವಲ್ಲದಿದ್ದರೂ ಆಟದ ದೃಷ್ಟಿಯಿಂದ ಅದಕ್ಕಿಂತಲೂ ಉಪಯುಕ್ತವಾದದ್ದು ಶ್ರುತಾಯುಧನ ಗದೆ. ದ್ರೋಣಪರ್ವದಲ್ಲಿ, ಯುದ್ಧದ ಹದಿನಾಲ್ಕನೆಯ ದಿನ, ಸೂರ್ಯಾಸ್ತದೊಳಗೆ ಜಯದ್ರಥನನ್ನು ಕೊಲ್ಲಲು ಹೊರಟ ಅರ್ಜುನನ ರಥವನ್ನು ಅಡ್ಡಗಟ್ಟುವ ರಾಜರಲ್ಲಿ ಶ್ರುತಾಯುಧನೂ ಒಬ್ಬ. ಅವನು ವರುಣನಿಗೆ ಪರ್ಣಾಶಾ ಎಂಬ ನದಿಯಲ್ಲಿ ಹುಟ್ಟಿದವನು. ಮಗನನ್ನು ಯಾರೂ ಕೊಲ್ಲಬಾರದೆಂದು ತಾಯಿ ಬೇಡಿಕೊಂಡಾಗ ವರುಣನು, ಹುಟ್ಟಿದವರಿಗೆ ಸಾವು ತಪ್ಪದೆಂದು ತಿಳಿಹೇಳಿ, ಅಮರತ್ವದ ಬದಲಿಗೆ ಒಂದು ಗದೆಯನ್ನು ಕೊಟ್ಟು, ಯುದ್ಧ ಮಾಡದವನ ಮೇಲೆ ಇದನ್ನು ಎಸೆಯಬೇಡ, ಎಸೆದರೆ ಇದು ನಿನ್ನ ಮೇಲೆಯೇ ಬೀಳುತ್ತದೆ ಎಂದು ಮಗನನ್ನು ಎಚ್ಚರಿಸುತ್ತಾನೆ. ಆ ದಿನ ಕಾಳಗ ಬಿರುಸಾಗಿ, ಕುದುರೆಗಳೂ ಸಾರಥಿಯೂ ಸತ್ತು, ರಥವನ್ನು ಬಿಟ್ಟಿಳಿದ ಶ್ರುತಾಯುಧನು ಗದೆಯನ್ನು ಬೀಸಿ ಹೊಡೆಯುವುದು ಅರ್ಜುನನಿಗಲ್ಲ, ಅವನ ಸಾರಥಿಯಾದ ಕೃಷ್ಣನಿಗೆ. ಆಯುಧ ಹಿಡಿಯೆನೆಂದು ನುಡಿದು ಯುದ್ಧಕ್ಕೆ ಬಂದವನು ಕೃಷ್ಣ. ಗದೆ ಅವನ ಹೆಗಲಿಗೆ ತಾಗಿ, ಮರಳಿ ಬಂದು ಎಸೆದವನನ್ನೇ ಕೊಲ್ಲುತ್ತದೆ.

ಈ ಕಥೆಯಲ್ಲಿ ಯಾರೂ ಶ್ರುತಾಯುಧನ ಕೈಯನ್ನು ಒತ್ತಾಯದಿಂದ ಎತ್ತಿಸುವುದಿಲ್ಲ, ಷರತ್ತು ಅವನಿಗೆ ತಿಳಿದಿರಲಿಲ್ಲವೆಂದೂ ಅಲ್ಲ. ಕೋಪದ ಒಂದು ಕ್ಷಣದಲ್ಲಿ ಅವನು ತಾನಾಗಿಯೇ ಎಸೆಯುತ್ತಾನೆ, ಆದ್ದರಿಂದಲೇ ಆ ಸಾವು ಅವನದೇ ಆಗುತ್ತದೆ. ಇದನ್ನು ಆಟದ ನಿಯಮವಾಗಿ ಬರೆದರೆ ಹೀಗಾಗಬಹುದು: ಈ ಗದೆ ಹಿಡಿದವನ ಹೊಡೆತದ ದಾಳಕ್ಕೆ ಎರಡು ಕೂಡುತ್ತದೆ, ಗದೆ ಕೈಯಲ್ಲಿರುವವರೆಗೆ ಕೊಲ್ಲುವಂಥ ಏಟುಗಳು ಅರ್ಧಕ್ಕೆ ಇಳಿಯುತ್ತವೆ, ಆದರೆ ಕಾದಾಡದಿರುವವನ ಮೇಲೆ ಇದನ್ನು ಬೀಸಿದರೆ ಆ ಏಟಿನ ಪೂರ್ಣ ಬಲ ಬೀಸಿದವನ ಮೇಲೆ ಬೀಳುತ್ತದೆ. ನಿಯಮ ಇಷ್ಟೇ. ಇನ್ನು ವೆಂಗಿಯ ಅರಸರ ಕಾಲದ ಬೆಜವಾಡವನ್ನು, ಅಂದರೆ ಇಂದಿನ ವಿಜಯವಾಡವನ್ನು, ಕಥೆಯ ನೆಲೆಯಾಗಿ ಇಟ್ಟುಕೊಂಡ ಒಂದು ಆಟವನ್ನು ಕಲ್ಪಿಸಿಕೊಂಡರೆ, ಕೃಷ್ಣೆಯನ್ನು ದಾಟಿಸುವ ದೋಣಿಯಲ್ಲಿ ಶತ್ರುವಿನ ದೂತನು ಸಿಕ್ಕಿಬೀಳುತ್ತಾನೆ. ಅವನ ಕೈಯಲ್ಲಿ ಕತ್ತಿಯಿಲ್ಲ, ಓಲೆಯಿದೆ, ಆ ಓಲೆ ದಡ ಸೇರಿದರೆ ಒಂದು ಊರು ಉರಿಯುತ್ತದೆ. ದೂತನು ಕಾದಾಡುವವನೇ, ಅಲ್ಲವೇ? ದೋಣಿಯವನು ಶತ್ರುವಿನ ಕೂಲಿಗೆ ಹುಟ್ಟುಹಾಕುತ್ತಿದ್ದರೆ ಅವನನ್ನು ಯಾವ ಕಡೆಗೆ ಸೇರಿಸಬೇಕು? ದಡದಲ್ಲಿ ಕುಳಿತು ಮಂತ್ರ ಜಪಿಸುವವನ ಕೈ ಬರಿದಾಗಿದ್ದರೂ ಅವನ ಮಾತು ಆಯುಧವಲ್ಲವೇ? ಗದೆಯ ಗುಟ್ಟು ಹೊರಬಿದ್ದ ಮೇಲೆ, ಸೋಲುವ ಶತ್ರುಗಳೆಲ್ಲ ಆಯುಧಗಳನ್ನು ಕೆಳಗೆ ಹಾಕಿ ನಿಂತುಬಿಟ್ಟರೆ ಗತಿಯೇನು? ಪ್ರತಿಯೊಂದು ಪ್ರಶ್ನೆಗೂ ಮೇಜಿನ ಸುತ್ತ ಕುಳಿತವರೆಲ್ಲ ವಾದಿಸುತ್ತಾರೆ, ಗದೆಯ ಒಡೆಯನು ತೀರ್ಮಾನಿಸುತ್ತಾನೆ, ಆ ತೀರ್ಮಾನದಲ್ಲಿ ಅವನ ಪಾತ್ರ ರೂಪುಗೊಳ್ಳುತ್ತದೆ. ಒಂದೇ ವಾಕ್ಯದ ಷರತ್ತು ಹಲವು ದಿನಗಳ ಆಟಕ್ಕೆ ಸಾಕಾಗುವಷ್ಟು ಸಂಕಟಗಳನ್ನು ಹುಟ್ಟಿಸಬಲ್ಲದು, ರಣೋನ್ಮಾದದ ಕೊಡಲಿಯ ಉದ್ದನೆಯ ನಿಯಮಾವಳಿ ಅದನ್ನು ಮಾಡಲಾರದು.

ಕರ್ಣನ ಶಕ್ತಿಯದು ಬೇರೊಂದು ಬಗೆಯ ಕಟ್ಟು. ಕವಚಕುಂಡಲಗಳನ್ನು ಕೊಟ್ಟು ಇಂದ್ರನಿಂದ ಪಡೆದ ಆ ಆಯುಧ ಒಬ್ಬ ಪ್ರಬಲ ಶತ್ರುವನ್ನು ಮಾತ್ರ ಕೊಂದು ಇಂದ್ರನ ಬಳಿಗೆ ಮರಳುವಂಥದು. ಬೇರೆ ಆಯುಧಗಳಿದ್ದೂ, ಪ್ರಾಣಾಪಾಯವಿಲ್ಲದೆಯೂ ಬಳಸಿದರೆ ಅದು ಬಳಸಿದವನ ಮೇಲೆಯೇ ಬೀಳುತ್ತದೆ ಎಂಬ ಷರತ್ತೂ ಅದಕ್ಕಿದೆ. ಒಮ್ಮೆ ಮಾತ್ರ ಬಳಸಬಹುದಾದ ವಸ್ತುವನ್ನು ಇಟ್ಟುಕೊಂಡವನು ಪ್ರತಿದಿನವೂ ಅದನ್ನು ಬಳಸದಿರಲು ತೀರ್ಮಾನಿಸುತ್ತಿರಬೇಕಾಗುತ್ತದೆ, ಆ ತೀರ್ಮಾನವೇ ಅವನ ನಡೆಯನ್ನೆಲ್ಲ ಬಿಗಿಯುತ್ತದೆ. ಕೊನೆಗೆ ಹದಿನಾಲ್ಕನೆಯ ದಿನದ ರಾತ್ರಿಯುದ್ಧದಲ್ಲಿ ಘಟೋತ್ಕಚನ ಹಾವಳಿಯನ್ನು ತಾಳಲಾರದ ಕೌರವರು ಗೋಗರೆದಾಗ, ಅರ್ಜುನನಿಗೆಂದು ವರ್ಷಗಳಿಂದ ಕಾದಿಟ್ಟದ್ದನ್ನು ಕರ್ಣನು ಅವನ ಅಣ್ಣನ ಮಗನ ಮೇಲೆ ಬಿಡುತ್ತಾನೆ. ಆಟದ ಮೇಜಿನಲ್ಲಿ ಇಂಥ ಆಯುಧವನ್ನು ಕೊಟ್ಟ ಸೂತ್ರಧಾರರ ಹೊಣೆ ಒಂದೇ: ಆಟಗಾರನು ಕಾದಿಟ್ಟ ಶತ್ರು ಬರುವುದಕ್ಕೆ ಮೊದಲು ಘಟೋತ್ಕಚನನ್ನು ತರುವುದು.

ಗಾಂಡೀವದ ಕಥೆ ಇವೆರಡಕ್ಕಿಂತ ಸೂಕ್ಷ್ಮ, ಏಕೆಂದರೆ ಅಲ್ಲಿ ಕಟ್ಟನ್ನು ಹಾಕಿಕೊಂಡವನು ಒಡೆಯನೇ. ನಿನ್ನ ಬಿಲ್ಲನ್ನು ಬೇರೊಬ್ಬನಿಗೆ ಕೊಟ್ಟುಬಿಡು ಎಂದು ಯಾರಾದರೂ ಹೇಳಿದರೆ ಅವನ ತಲೆ ತೆಗೆಯುತ್ತೇನೆಂದು ಅರ್ಜುನನು ಗುಟ್ಟಾಗಿ ವ್ರತ ತೊಟ್ಟಿರುತ್ತಾನೆ. ಹದಿನೇಳನೆಯ ದಿನ, ಕರ್ಣನ ಬಾಣಗಳಿಂದ ನೊಂದು ಬಿಡಾರ ಸೇರಿದ ಧರ್ಮರಾಯನು, ಕರ್ಣನನ್ನು ಇನ್ನೂ ಕೊಂದಿಲ್ಲವೆಂದು ತಿಳಿದು ಸಿಟ್ಟಿನಲ್ಲಿ ಅದೇ ಮಾತನ್ನು ಆಡುತ್ತಾನೆ, ಅರ್ಜುನನ ಕೈ ಕತ್ತಿಗೆ ಹೋಗುತ್ತದೆ. ಅಣ್ಣನನ್ನು ಕೊಲ್ಲಬೇಕು, ಇಲ್ಲವೇ ನುಡಿದಂತೆ ನಡೆಯದವನಾಗಬೇಕು. ಕೃಷ್ಣನು ಅಲ್ಲಿ ಮಾಡುವ ಕೆಲಸವನ್ನು ಆಟದ ಭಾಷೆಯಲ್ಲಿ ಹೇಳುವುದಾದರೆ, ಅವನು ನಿಯಮವನ್ನು ರದ್ದುಮಾಡುವುದಿಲ್ಲ, ಅದನ್ನು ಈಡೇರಿಸುವ ಇನ್ನೊಂದು ದಾರಿಯನ್ನು ತೋರಿಸುತ್ತಾನೆ: ಹಿರಿಯರನ್ನು ಅವಮಾನಿಸುವುದು ಅವರನ್ನು ಕೊಂದದ್ದಕ್ಕೆ ಸಮ, ಆದ್ದರಿಂದ ಅಣ್ಣನನ್ನು ಏಕವಚನದಲ್ಲಿ ನಿಂದಿಸು ಎನ್ನುತ್ತಾನೆ. ನಿಂದಿಸಿದ ಪಾಪಕ್ಕೆ ತನ್ನನ್ನೇ ಕೊಂದುಕೊಳ್ಳಲು ಹೊರಟ ಅರ್ಜುನನಿಗೆ, ಆತ್ಮಪ್ರಶಂಸೆ ಆತ್ಮಹತ್ಯೆಗೆ ಸಮ ಎಂದು ಮತ್ತೊಂದು ದಾರಿಯನ್ನೂ ತೆರೆಯುತ್ತಾನೆ. ಒಳ್ಳೆಯ ಸೂತ್ರಧಾರರು ಕಲಿಯಬೇಕಾದ ಕಲೆ ಇದಕ್ಕಿಂತ ಹೆಚ್ಚಿನದಿಲ್ಲ: ಕಟ್ಟಿಗೆ ಸಿಕ್ಕಿಬಿದ್ದ ಪಾತ್ರಕ್ಕೆ ಕಟ್ಟನ್ನು ಕತ್ತರಿಸಿಕೊಡದೆ, ಅದರೊಳಗೇ ಹೊರಳಲು ಜಾಗ ಮಾಡಿಕೊಡುವುದು.

ಸೌಪ್ತಿಕಪರ್ವದ ಬ್ರಹ್ಮಶಿರೋಸ್ತ್ರದಲ್ಲಿ ಷರತ್ತು ಶತ್ರುವಿಗೆ ಸಂಬಂಧಿಸಿದ್ದಲ್ಲ, ಹಿಡಿದವನ ಶೀಲಕ್ಕೆ ಸಂಬಂಧಿಸಿದ್ದು. ಅಶ್ವತ್ಥಾಮನೂ ಅರ್ಜುನನೂ ಅದನ್ನು ಬಿಟ್ಟಾಗ, ನಡುವೆ ಬಂದು ನಿಂತ ಋಷಿಗಳ ಮಾತಿಗೆ ಅರ್ಜುನನು ತನ್ನ ಅಸ್ತ್ರವನ್ನು ಹಿಂದಕ್ಕೆ ಕರೆದುಕೊಳ್ಳುತ್ತಾನೆ. ವ್ರತನಿಷ್ಠೆಯಿಲ್ಲದವನಿಗೆ ಅದು ಸಾಧ್ಯವಿಲ್ಲವಾದ್ದರಿಂದ ಅಶ್ವತ್ಥಾಮನು ಹಿಂತೆಗೆಯಲಾರದೆ ಅದನ್ನು ಪಾಂಡವರ ವಂಶದ ಗರ್ಭಗಳ ಕಡೆಗೆ ತಿರುಗಿಸುತ್ತಾನೆ. ಒಂದೇ ಆಯುಧ ಇಬ್ಬರ ಕೈಯಲ್ಲಿ ಎರಡು ಆಯುಧಗಳಾಗುವ ಈ ಬಗೆಯನ್ನು ಆಟಗಳು ಬಹಳ ಕಡಿಮೆ ಬಳಸಿಕೊಂಡಿವೆ, ಅದು ನಷ್ಟವೇ ಸರಿ.

ವಿಜಯವಾಡದಿಂದ ಈಶಾನ್ಯಕ್ಕೆ, ಕರಾವಳಿಯ ಉದ್ದಕ್ಕೂ ಸಾಗಿದರೆ ಸಿಗುವ ವಿಶಾಖಪಟ್ಟಣದ ಸಿಂಹಾಚಲ ಈ ಚಿಂತನೆಗೆ ಇನ್ನೊಂದು ಬದಿಯನ್ನು ಒದಗಿಸುತ್ತದೆ. ಅಲ್ಲಿನ ವರಾಹಲಕ್ಷ್ಮೀನರಸಿಂಹನ ಮೂರ್ತಿ ವರ್ಷವಿಡೀ ಶ್ರೀಗಂಧದ ಲೇಪನದಲ್ಲಿ ಮುಚ್ಚಿಹೋಗಿದ್ದು, ಅಕ್ಷಯ ತದಿಗೆಯ ದಿನ ಮಾತ್ರ ನಿಜರೂಪದ ದರ್ಶನವಾಗುತ್ತದೆ. ನರಸಿಂಹನ ಕಥೆ ಮೂಲತಃ ಒಂದು ನಿಯಮದ ಕಥೆ: ಒಳಗೂ ಅಲ್ಲ ಹೊರಗೂ ಅಲ್ಲ, ಹಗಲೂ ಅಲ್ಲ ಇರುಳೂ ಅಲ್ಲ, ನೆಲದ ಮೇಲೂ ಅಲ್ಲ ಆಕಾಶದಲ್ಲೂ ಅಲ್ಲ, ಮನುಷ್ಯನಿಂದಲೂ ಅಲ್ಲ ಮೃಗದಿಂದಲೂ ಅಲ್ಲ, ಆಯುಧದಿಂದ ಮೊದಲೇ ಅಲ್ಲ ಎಂದು ಹಿರಣ್ಯಕಶಿಪು ತನ್ನ ವರವನ್ನು ಎಲ್ಲ ಕಡೆಯಿಂದಲೂ ಮುಚ್ಚಿದ್ದ; ಹೊಸ್ತಿಲು, ಮುಸ್ಸಂಜೆ, ತೊಡೆ, ಉಗುರು ಎಂಬ ಬಿರುಕುಗಳು ಮಾತ್ರ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಷರತ್ತಿನ ಆಯುಧವನ್ನು ಪಡೆದ ಆಟಗಾರರೂ ಇದೇ ರೀತಿ ಪ್ರತಿ ಪದವನ್ನೂ ತಿರುವಿ ನೋಡುತ್ತಾರೆ, ನೋಡಲೇಬೇಕು. ಕೆಲವು ಸೂತ್ರಧಾರರು ಇದನ್ನು ಕುತರ್ಕವೆಂದು ಬೈಯುವುದುಂಟು. ಆದರೆ ವರದ ಮಾತಿನಲ್ಲೇ ಸಾವಿನ ದಾರಿ ಅಡಗಿರುವ ಕಥೆಯನ್ನು ಕೇಳಿ ಬೆಳೆದ ನಾಡಿನಲ್ಲಿ ಈ ಹುಡುಕಾಟವನ್ನು ಆಟದ ಅತ್ಯುತ್ತಮ ಭಾಗವೆಂದು ಸ್ವಾಗತಿಸುವುದೇ ನ್ಯಾಯ.

ಷರತ್ತನ್ನು ಮೊದಲೇ ಹೇಳಬೇಕೇ, ಮುಚ್ಚಿಡಬೇಕೇ ಎಂಬುದು ಈ ವಿಷಯದಲ್ಲಿ ಅತಿ ಹೆಚ್ಚು ವಾದಕ್ಕೆ ಕಾರಣವಾಗುವ ಪ್ರಶ್ನೆ. ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಸಂಪ್ರದಾಯ ಮುಚ್ಚಿಡುವ ಕಡೆಗಿದೆ. 2014ರ ನಿಯಮಗಳ ಪ್ರಕಾರ ವಸ್ತುವಿನ ಗುಣವನ್ನು ತಿಳಿಸುವ ಮಂತ್ರ ಕೂಡ ಅದರ ಶಾಪವನ್ನು ಸಾಮಾನ್ಯವಾಗಿ ಹೊರಗೆಡಹುವುದಿಲ್ಲ, ಮತ್ತು ಆಯುಧದೊಡನೆ ಅಟ್ಯೂನ್‌ಮೆಂಟ್ ಎಂಬ ನಂಟು ಬೆಳೆಸಿಕೊಂಡ ಮೇಲೆಯೇ ಶಾಪ ತಗಲುತ್ತದೆ. ಮಹಾಭಾರತದ ಸಂಪ್ರದಾಯ ಇದಕ್ಕೆ ತೀರ ವಿರುದ್ಧ. ಶಿವನು ಹೇಳಿ ಕೊಡುತ್ತಾನೆ, ವರುಣನು ಹೇಳಿ ಕೊಡುತ್ತಾನೆ, ಇಂದ್ರನು ಹೇಳಿ ಕೊಡುತ್ತಾನೆ. ಮಗ ಅಶ್ವತ್ಥಾಮನಿಗೆ ಬ್ರಹ್ಮಶಿರೋಸ್ತ್ರವನ್ನು ಕೊಟ್ಟ ದ್ರೋಣನು, ಎಂಥ ಆಪತ್ತಿನಲ್ಲೂ ಇದನ್ನು ಮನುಷ್ಯರ ಮೇಲೆ ಬಿಡಬೇಡವೆಂದು ಎಚ್ಚರಿಸಿಯೇ ಕೊಡುತ್ತಾನೆ. ಮುಚ್ಚಿಟ್ಟ ಶಾಪ ಒಂದು ಗಳಿಗೆಯ ಬೆರಗನ್ನು ಕೊಟ್ಟು ಆಟಗಾರನಲ್ಲಿ ಮೋಸ ಹೋದ ಭಾವವನ್ನು ಉಳಿಸುತ್ತದೆ, ಆ ಮೇಲೆ ಅವನು ಸಿಕ್ಕ ಪ್ರತಿ ವಸ್ತುವನ್ನೂ ಅನುಮಾನಿಸತೊಡಗುತ್ತಾನೆ. ಹೇಳಿಕೊಟ್ಟ ಷರತ್ತಾದರೋ ಪ್ರತಿ ಕಾಳಗದಲ್ಲೂ ಅವನೊಡನೆ ಇರುತ್ತದೆ. ಇಂದು ಅನೇಕ ತಂಡಗಳು ಆಟ ಶುರುಮಾಡುವ ಮೊದಲು ಸೆಷನ್ ಜೀರೋ ಎಂಬ ಒಂದು ಬೈಠಕ್ ನಡೆಸಿ, ಯಾವ ಬಗೆಯ ಕಥೆ ಬೇಕು, ಯಾವುದು ಬೇಡ ಎಂದು ಮಾತಾಡಿಕೊಳ್ಳುತ್ತವೆ. ಪಾತ್ರದ ಮನಸ್ಸನ್ನು ಬೇರೊಂದು ಶಕ್ತಿ ಆಕ್ರಮಿಸುವಂಥ ಶಾಪಗಳನ್ನು ಬಳಸಬೇಕೆಂದಿದ್ದರೆ ಅದಕ್ಕೆ ಎಲ್ಲರ ಒಪ್ಪಿಗೆಯನ್ನು ಅಲ್ಲೇ ಪಡೆಯುವುದು ಉಚಿತ.

ಕೊನೆಯದಾಗಿ ಬಿಡುಗಡೆಯ ಮಾತು. ಡಂಜನ್ಸ್ ಅಂಡ್ ಡ್ರಾಗನ್ಸ್‌ನಲ್ಲಿ ಶಾಪವಿಮೋಚನೆಯ ಮಂತ್ರವೊಂದನ್ನು ಹಾಕಿದರೆ ಆಯುಧದ ನಂಟು ಕಡಿಯುತ್ತದೆ. ಪುರೋಹಿತನೊಬ್ಬ ತಂಡದಲ್ಲಿದ್ದರೆ ಶಾಪದ ಆಯುಷ್ಯ ಒಂದು ರಾತ್ರಿಯದು. ಮಹಾಪ್ರಸ್ಥಾನಿಕಪರ್ವದಲ್ಲಿ ಗಾಂಡೀವಕ್ಕೆ ಸಿಗುವ ಬಿಡುಗಡೆ ಹೀಗಲ್ಲ. ಕೃಷ್ಣನು ಇಲ್ಲವಾದ ಮೇಲೆ, ದ್ವಾರಕೆಯ ಹೆಂಗಸರನ್ನು ಕರೆತರುವ ದಾರಿಯಲ್ಲಿ ಕಳ್ಳರು ಮುತ್ತಿದಾಗ ಅರ್ಜುನನಿಗೆ ಆ ಬಿಲ್ಲಿಗೆ ಹೆದೆಯೇರಿಸುವುದೇ ಕಷ್ಟವಾಗಿತ್ತು, ಅಸ್ತ್ರಮಂತ್ರಗಳು ನೆನಪಿಗೆ ಬಂದಿರಲಿಲ್ಲ. ಆದರೂ ರಾಜ್ಯವನ್ನೂ ಮನೆಯನ್ನೂ ಬಿಟ್ಟು ಮೂಡಣದ ಕಡಲಿನತ್ತ ನಡೆದ ಪಾಂಡವರಲ್ಲಿ ಅರ್ಜುನನು ಬಿಲ್ಲನ್ನು ಮಾತ್ರ ಬಿಟ್ಟಿರಲಿಲ್ಲ. ಲೌಹಿತ್ಯ ಸಾಗರದ ದಡದಲ್ಲಿ ಅಗ್ನಿಯು ದಾರಿಗಡ್ಡವಾಗಿ ನಿಂತು, ವರುಣನಿಂದ ತಂದುಕೊಟ್ಟ ಬಿಲ್ಲನ್ನು ವರುಣನಿಗೇ ಮರಳಿಸೆಂದು ಕೇಳಿದ ಮೇಲೆ, ಸೋದರರ ಒತ್ತಾಯಕ್ಕೆ ಅವನು ಅದನ್ನೂ ಅಕ್ಷಯ ಬತ್ತಳಿಕೆಗಳನ್ನೂ ನೀರಿಗೆ ಎಸೆಯುತ್ತಾನೆ. ಬಿಡಲಾಗದ ಆಯುಧವೆಂದರೆ ನಿಜವಾಗಿ ಇದು: ಯಾವ ಶಾಪವೂ ಇಲ್ಲದೆ, ಕೆಲಸಕ್ಕೆ ಬಾರದಂತಾದ ಮೇಲೂ, ಮೋಹದಿಂದಲೇ ಕೈಗೆ ಅಂಟಿಕೊಂಡಿರುವುದು. ಬಂಗಾಳಕೊಲ್ಲಿಯ ಅಲೆಗಳನ್ನು ದಿನವೂ ನೋಡುವ ವಿಶಾಖಪಟ್ಟಣದ ಆಟಗಾರರು ಆಯುಧವನ್ನು ಕೊಟ್ಟವರಿಗೇ ಹಿಂದಿರುಗಿಸುವ ಒಂದು ಪಯಣವನ್ನು ತಮ್ಮ ಆಟದ ಕೊನೆಯ ಅಧ್ಯಾಯವಾಗಿ ಇಟ್ಟುಕೊಂಡರೆ, ಮಂತ್ರದಿಂದ ಸಿಗುವ ಬಿಡುಗಡೆಗಿಂತ ಅದು ಎಷ್ಟೋ ಪಾಲು ತೃಪ್ತಿ ಕೊಡುವುದರಲ್ಲಿ ಸಂದೇಹವಿಲ್ಲ.

ಈ ಆಟಕ್ಕೆ ಬೇಕಾದ ಸಾಮಗ್ರಿಯೂ ಈ ಸೀಮೆಯಲ್ಲಿ ಕೈಗೆಟಕುವಷ್ಟು ಹತ್ತಿರದಲ್ಲಿದೆ. ವಿಜಯವಾಡದ ಬಳಿಯ ಕೊಂಡಪಲ್ಲಿಯಲ್ಲಿ ತೆಲ್ಲ ಪೊಣಿಕಿ ಎಂಬ ಹಗುರವಾದ ಮರದಿಂದ ಗೊಂಬೆಗಳನ್ನು ಕೆತ್ತುತ್ತಾರೆ, ವಿಶಾಖಪಟ್ಟಣದ ನೈಋತ್ಯಕ್ಕೆ ವರಾಹ ನದಿಯ ದಡದ ಏಟಿಕೊಪ್ಪಾಕದಲ್ಲಿ ಅಂಕುಡು ಮರವನ್ನು ಚರಕಿಗೆ ಹಿಡಿದು ಅರಗಿನ ಬಣ್ಣ ಕೊಡುತ್ತಾರೆ. ಮೇಜಿನ ಮೇಲೆ ಪಾತ್ರಗಳ ಸ್ಥಾನ ಗುರುತಿಸಲು ಬಳಸುವ ಪುಟ್ಟ ಕಾಯಿಗಳಿಗೆ ಇವುಗಳಿಗಿಂತ ಚೆಂದದ್ದು ಬೇಕಿಲ್ಲ. ಕಥೆಗಳಂತೂ ಎರಡು ಭಾಷೆಗಳಲ್ಲೂ ಇವೆ. ಪಂಪನ ಪೂರ್ವಿಕರು ಇದೇ ಸೀಮೆಯ ವೆಂಗಿಮಂಡಲದವರು. ಅದೇ ನೆಲದ ಮೂಲದಿಂದ ಬಂದ ಕವಿ ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿ 941ರ ಸುಮಾರಿಗೆ ಅರ್ಜುನನನ್ನೇ ನಾಯಕನನ್ನಾಗಿಸಿ ಕನ್ನಡದಲ್ಲಿ ವಿಕ್ರಮಾರ್ಜುನ ವಿಜಯವನ್ನು ಬರೆದ. ತೆಲುಗಿನಲ್ಲಿ ವಿರಾಟಪರ್ವದಿಂದ ಮುಂದಿನದೆಲ್ಲವನ್ನೂ 13ನೆಯ ಶತಮಾನದಲ್ಲಿ ತಿಕ್ಕನ ತಂದ, ಕನ್ನಡದಲ್ಲಿ ಮೊದಲ ಹತ್ತು ಪರ್ವಗಳನ್ನು ಕುಮಾರವ್ಯಾಸ ಹಾಡಿದ.

ಆದ್ದರಿಂದ ಹೊಸದಾಗಿ ಆಟದ ತಂಡ ಕಟ್ಟುವವರು, ಅದು ಬೆಂಗಳೂರಿನಲ್ಲಾಗಲಿ ಬೆಜವಾಡದಲ್ಲಾಗಲಿ, ಪರದೇಶದ ಕೈಪಿಡಿಯಲ್ಲಿರುವ ಶಾಪಗ್ರಸ್ತ ಆಯುಧಗಳ ಪಟ್ಟಿಯನ್ನು ತಮ್ಮ ಭಾಷೆಗೆ ತರುವ ಮೊದಲು ದ್ರೋಣಪರ್ವದ ಜಯದ್ರಥವಧೆಯ ಭಾಗವನ್ನು ಒಮ್ಮೆ ಓದಬೇಕು, ಅಲ್ಲಿಂದ ಒಂದು ಆಯುಧವನ್ನು ಆರಿಸಿಕೊಂಡು ಅದರ ಷರತ್ತನ್ನು ಒಂದೇ ವಾಕ್ಯದಲ್ಲಿ ಚೀಟಿಯೊಂದರ ಮೇಲೆ ಬರೆದು, ಆಯುಧವನ್ನು ಕೈಗೆ ತೆಗೆದುಕೊಳ್ಳುವ ಮೊದಲೇ ಆ ಚೀಟಿಯನ್ನು ಆಟಗಾರನಿಗೆ ಓದಲು ಕೊಡಬೇಕು.